ಗೆಳೆಯರ ಗಾಡಿ 350, 390. ನನ್ನದು ಪಲ್ಸರ್ 150. ಟೂರ್‌ಗೆ ಹೋಗಬಹುದಾ?

ಪ್ರಶ್ನೆ: ನಾನು ದಾವಣಗೆರೆಯವನು, ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತ. ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು ಬೈಕ್ ಟೂರ್ ಹಾಕಿಕೊಂಡಿದ್ದೇವೆ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿಕೊಂಡು ಉಡುಪಿ. ಮರುದಿನ ಮರವಂತೆ, ಮುರುಡೇಶ್ವರ, ಹೊನ್ನಾವರ. ಆಮೇಲೆ ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರ, ವಾಪಸ್ ಊರು. ಮೂರು ದಿನ, 600 ಚಿಲ್ಲರೆ ಕಿಲೋಮೀಟರ್. ಒಬ್ಬನ ಹತ್ತಿರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 (2022), ಒಬ್ಬನ ಹತ್ತಿರ ಎಕ್ಸ್‌ಪಲ್ಸ್ 200 4ವಿ, ಇನ್ನೊಬ್ಬನದು ಡ್ಯೂಕ್ 390 (2021). ನನ್ನದು 2018ರ ಪಲ್ಸರ್ 150, 46 ಸಾವಿರ ಓಡಿದೆ. ಕಳೆದ ವರ್ಷ ಎರಡೂ ಟ್ಯೂಬ್‌ಲೆಸ್ ಟೈರ್ ಹೊಸದು ಹಾಕಿಸಿದ್ದೇನೆ. ನನ್ನ ಹಿಂದೆ ತಮ್ಮ ಕೂರುತ್ತಾನೆ. ಗೆಳೆಯರು ಹೇಳುವುದು: ‘ಆ ಗಾಡಿ ಡಬಲ್ಸ್ ಘಾಟಿ ಹತ್ತಲ್ಲ. ನೂರು ಕಿಲೋಮೀಟರ್‌ಗೊಮ್ಮೆ ಅರ್ಧ ಗಂಟೆ ನಿಲ್ಲಿಸಿ ತಣ್ಣಗೆ ಮಾಡದಿದ್ದರೆ ಇಂಜಿನ್ ಸೀಜ್ ಆಗುತ್ತೆ. ನಿನ್ನಿಂದ ನಾವೂ ನಿಧಾನ ಹೋಗಬೇಕು.’ ಒಬ್ಬರು 1.30 ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ 350 ಕೊಡುತ್ತೇನೆ ಅಂತಿದ್ದಾರೆ. ಸಾಲ ಮಾಡಿ ತಗೊಳ್ಳಲಾ? ಬಾಡಿಗೆಗೆ ತಗೊಳ್ಳಲಾ? ಅಥವಾ ಟೂರನ್ನೇ ಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಒಟ್ಟಿಗೆ ಇವೆ. ಇಂಜಿನ್ ಹೋಗುತ್ತದೆ ಅನ್ನುವುದು ಒಂದು. ಘಾಟಿ ಹತ್ತುವುದಿಲ್ಲ ಅನ್ನುವುದು ಇನ್ನೊಂದು. ಗೆಳೆಯರಿಗೆ ಹೊರೆ ಆಗುತ್ತೇನೆ ಅನ್ನುವುದು ಮೂರನೆಯದು. ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಮೂರನೆಯದೇ ಅಂತ ನನಗನ್ನಿಸುತ್ತದೆ. ಮೊದಲೆರಡಕ್ಕೆ ಬೇಗ ಉತ್ತರ ಹೇಳಬಹುದು. ಮೂರನೆಯದಕ್ಕೆ ಸ್ವಲ್ಪ ಕೂಡಿಸಿ ಕಳೆಯುವ ಲೆಕ್ಕ ಬೇಕು.

ಇಪ್ಪತ್ತೆರಡು ವರ್ಷದಿಂದ ಮಲೆನಾಡಿನ ದಾರಿ ಪಕ್ಕ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಟೂರ್ ಹೊರಟವರು ದಾರಿಯಲ್ಲಿ ಕೈಕೊಟ್ಟ ಗಾಡಿಗಳನ್ನು ತಳ್ಳಿಕೊಂಡು ಬರುವುದು ನನ್ನ ಅಂಗಡಿಗೇ. ಹಾಗೆ ಬಂದ ಗಾಡಿಗಳಲ್ಲಿ ಇಂಜಿನ್ ಚಿಕ್ಕದಾಯಿತು ಅಂತ ನಿಂತದ್ದನ್ನು ನಾನು ನೋಡಿಲ್ಲ. ಚೈನ್ ತುಂಡಾಗಿ ಬಂದಿವೆ, ಕ್ಲಚ್ ಕೇಬಲ್ ಕಿತ್ತು ಬಂದಿವೆ, ಆಯಿಲ್ ಇಲ್ಲದೆ ಬಂದಿವೆ, ಪಂಚರ್ ಆಗಿ ಬಂದಿವೆ. ಇವು 100 ಸಿಸಿಗೂ ಆಗುತ್ತವೆ, 650ಕ್ಕೂ ಆಗುತ್ತವೆ.

ಮೊದಲು ಆ ‘ನೂರು ಕಿಲೋಮೀಟರ್‌ಗೊಮ್ಮೆ ತಣ್ಣಗೆ ಮಾಡು’ ಅನ್ನುವ ಮಾತು. ಇದನ್ನು ನಿಮ್ಮ ಗೆಳೆಯರು ಸುಮ್ನೆ ಹುಟ್ಟಿಸಿದ್ದಲ್ಲ. ಅವರ ಅಪ್ಪನೋ ಮಾವನೋ ಹೇಳಿರಬೇಕು, ಅವರ ಕಾಲಕ್ಕೆ ಅದು ಸರಿಯೇ ಇತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಬರುತ್ತಿದ್ದ ಕಾಲ ಅದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿ, ರಾಜ್‌ದೂತ್ ಎಲ್ಲ ಟು ಸ್ಟ್ರೋಕ್ ಗಾಡಿಗಳು. ಪೆಟ್ರೋಲ್ ಹಾಕಿಸುವಾಗಲೇ ಅದರೊಳಗೆ ಆಯಿಲ್ ಬೆರೆಸಬೇಕಿತ್ತು. ಪಿಸ್ಟನ್‌ಗೆ ಸಿಗುತ್ತಿದ್ದ ಜಿಡ್ಡು ಆ ಪೆಟ್ರೋಲ್ ಜೊತೆ ಬಂದಷ್ಟೇ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಪೆಟ್ರೋಲ್ ಒಳಗೆ ಹೋಗುವುದಿಲ್ಲ, ಅದರ ಜೊತೆ ಆಯಿಲೂ ಇಲ್ಲ. ಚಕ್ರ ಮಾತ್ರ ಇಂಜಿನನ್ನು ತಿರುಗಿಸುತ್ತಲೇ ಇರುತ್ತದೆ. ಪಿಸ್ಟನ್ ಒಣಗಿ ಜಾಮ್, ಅದೇ ಸೀಜ್. ಅದಕ್ಕೇ ಹಳಬರು ಇಳಿಜಾರಿನಲ್ಲೂ ಆಗಾಗ ಆಕ್ಸಿಲರೇಟರ್ ತಿರುವುತ್ತಿದ್ದರು, ನಿಲ್ಲಿಸಿ ನಿಲ್ಲಿಸಿ ಹೋಗುತ್ತಿದ್ದರು.

ನಿಮ್ಮದು ಫೋರ್ ಸ್ಟ್ರೋಕ್. ತಳದಲ್ಲಿ ಒಂದು ಲೀಟರ್ ಚಿಲ್ಲರೆ ಆಯಿಲ್ ಇದೆ, ಪಂಪ್ ಇದೆ, ಇಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಅದು ಆಯಿಲ್ ತಳ್ಳುತ್ತಲೇ ಇರುತ್ತದೆ. ಗಾಳಿಯಿಂದ ತಣ್ಣಗಾಗುವ ಇಂಜಿನ್‌ಗೆ 60–65ರಲ್ಲಿ ಒಂದೇ ಸಮ ಓಡುವುದಕ್ಕಿಂತ ಆರಾಮ ಬೇರೆ ಇಲ್ಲ. ಗಾಳಿ ಬಡಿಯುತ್ತಿರುತ್ತದೆ, ಹುಟ್ಟಿದ ಬಿಸಿ ಹೊರಗೆ ಹೋಗುತ್ತಿರುತ್ತದೆ. ಅದಕ್ಕೆ ಕಷ್ಟವಾಗುವುದು ಊರೊಳಗಿನ ಜಾಮ್‌ನಲ್ಲಿ ಫಸ್ಟ್ ಗೇರ್‌ನಲ್ಲಿ ತೆವಳುವಾಗ. ದೂರಕ್ಕೂ ಸೀಜ್‌ಗೂ ಸಂಬಂಧ ಇಲ್ಲ. ಸೀಜ್ ಆಗುವುದು ಆಯಿಲ್ ಇಲ್ಲದಿದ್ದರೆ. 46 ಸಾವಿರ ಓಡಿದ ಗಾಡಿ ಸ್ವಲ್ಪ ಆಯಿಲ್ ಕುಡಿಯುವುದುಂಟು, ಅದನ್ನು ನೋಡಿಕೊಂಡರೆ ಮುಗಿಯಿತು. ಪ್ರತಿದಿನ ಬೆಳಿಗ್ಗೆ, ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಗಾಡಿ ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಒಂದು ಲೀಟರ್ ಆಯಿಲ್ ಬ್ಯಾಗ್‌ನಲ್ಲಿರಲಿ. ಗಾಡಿ ಪುಸ್ತಕದಲ್ಲಿ ಬರೆದ ಗ್ರೇಡೇ ಇರಲಿ. ‘ಟೂರ್ ಅಲ್ವಾ, ದಪ್ಪದ ಆಯಿಲ್ ಹಾಕಿಸು’ ಅನ್ನುವವರ ಮಾತು ಬೇಡ.

ನಿಲ್ಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಅದು ನಿಮ್ಮ ಸೊಂಟಕ್ಕೆ, ಕಣ್ಣಿಗೆ, ಹಿಂದೆ ಕೂತವನ ಕಾಲಿಗೆ.

ಈಗ ಘಾಟಿ. ನಿಮ್ಮ ದಾರಿ ಓದಿ ನನಗೆ ನಗು ಬಂತು. ನಿಮ್ಮ ಗೆಳೆಯರು ‘ಹತ್ತಲ್ಲ’ ಅಂತ ಹೆದರಿಸಿದ್ದು ಆಗುಂಬೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಆದರೆ ನೀವು ಆಗುಂಬೆ ಹತ್ತುವುದೇ ಇಲ್ಲ. ತೀರ್ಥಹಳ್ಳಿ ಕಡೆಯಿಂದ ಬಂದವರು ಅದನ್ನು ಇಳಿಯುತ್ತಾರೆ, ಸೋಮೇಶ್ವರದ ಕಡೆಗೆ. ನೀವು ಹತ್ತುವುದು ಗೇರುಸೊಪ್ಪೆ ಘಾಟಿ. ಅದು ಉದ್ದ, ಆದರೆ ಆಗುಂಬೆಯಷ್ಟು ಕಡಿದಲ್ಲ. ಥರ್ಡ್‌ನಲ್ಲಿ ಎಳೆಯುತ್ತದೆ, ತಿರುವಿನಲ್ಲಿ ಸೆಕೆಂಡ್ ಹಾಕಿ. ಲಾರಿ ಹಿಂದೆ ಸಿಕ್ಕಿಕೊಂಡಾಗ ಅವಸರ ಮಾಡದಿದ್ದರೆ ಸಾಕು.

ಹಾಗಾಗಿ ನೀವು ಯೋಚಿಸಬೇಕಾದದ್ದು ಬ್ರೇಕ್ ಬಗ್ಗೆ. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಡಬಲ್ಸ್, ಬ್ಯಾಗ್, ಇಳಿಜಾರು ಎಲ್ಲ ಸೇರಿದರೆ ಇಡೀ ಭಾರ ಬ್ರೇಕ್ ಮೇಲೆ. ಹಿಂದಿನ ಡ್ರಮ್ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿದರೆ ಶೂ ಕಾದು ಹಿಡಿತ ಸಡಿಲವಾಗುತ್ತದೆ. ಪೆಡಲ್ ಒತ್ತುತ್ತೀರಿ, ಗಾಡಿ ಹೋಗುತ್ತಲೇ ಇರುತ್ತದೆ. ಸುಟ್ಟ ವಾಸನೆ ಬಂದರೆ ಅಲ್ಲೇ ಅಗಲವಿರುವ ಕಡೆ ನಿಲ್ಲಿಸಿ, ಹತ್ತು ನಿಮಿಷ ಆರಲು ಬಿಡಿ. ಬಸ್ ಡ್ರೈವರ್‌ಗಳು ಒಂದು ಲೆಕ್ಕ ಹೇಳುತ್ತಾರೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಸೆಕೆಂಡ್‌ನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ತಿರುವಿಗೆ ಮುಂಚೆ ಮಾತ್ರ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಇಳಿಯುವವರನ್ನು ಈಗಲೂ ನೋಡುತ್ತೇನೆ. ಉಳಿಯುವುದು ಒಂದು ಕಾಫಿ ದುಡ್ಡೂ ಅಲ್ಲ. ನಿಮ್ಮ ಗೆಳೆಯರ ಮೂರೂ ಇಂಜೆಕ್ಷನ್ ಗಾಡಿಗಳು, ಅಂದರೆ ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ಬಿಡುವಂಥವು. ಅವು ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಐಡ್ಲಿಂಗ್‌ಗೆ ಇನ್ನೂ ಜಾಸ್ತಿ ಕುಡಿಯುತ್ತವೆ.

ಇನ್ನೊಂದು ವಿಷಯ. ‘ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿಕೊಂಡು ಉಡುಪಿ’ ಅಂತ ಬರೆದಿದ್ದೀರಿ. ನಿಮ್ಮ ಇಡೀ ಪ್ಲ್ಯಾನ್‌ನಲ್ಲಿ ನನಗೆ ಹೆದರಿಕೆ ಆದ ಸಾಲು ಅದೊಂದೇ. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಫೋಟೊ ತೆಗೆದುಕೊಂಡು ಹೊರಡುವಾಗ ಆರೂವರೆ. ಕತ್ತಲು, ಕಾಡು, ಹದಿನಾಲ್ಕು ತಿರುವು, ಎದುರಿನಿಂದ ಹೈಬೀಮ್ ಹಾಕಿಕೊಂಡು ಬರುವ ಕಾರುಗಳು. ನಿಮ್ಮ ಗಾಡಿಯ ಹ್ಯಾಲೊಜೆನ್ ಬೆಳಕು ನೇರ ರಸ್ತೆಗೆ ಸಾಕು. ಹೇರ್‌ಪಿನ್‌ನಲ್ಲಿ ಅದು ತಡೆಗೋಡೆಯನ್ನು ತೋರಿಸುತ್ತದೆ, ನೀವು ಹೋಗಬೇಕಾದ ರಸ್ತೆಯನ್ನಲ್ಲ. ಸೂರ್ಯಾಸ್ತ ಬೇಕೇ ಬೇಕು ಅಂದರೆ ಆ ರಾತ್ರಿ ಆಗುಂಬೆಯಲ್ಲೋ ತೀರ್ಥಹಳ್ಳಿಯಲ್ಲೋ ಉಳಿದುಕೊಳ್ಳಿ. ಬೆಳಿಗ್ಗೆ ಮಂಜು ಕರಗಿದ ಮೇಲೆ ಇಳಿಯಿರಿ. ಉಡುಪಿಯಲ್ಲೇ ಮಲಗಬೇಕು ಅಂದರೆ ಐದು ಗಂಟೆಯೊಳಗೆ ಘಾಟಿ ಇಳಿದಿರಬೇಕು. ಅದಕ್ಕೆ ದಾವಣಗೆರೆ ಆರಕ್ಕೆ ಬಿಡಬೇಕು. ಒಂಬತ್ತಕ್ಕೆ ಬೆಣ್ಣೆದೋಸೆ ತಿಂದು, ಇನ್ನೊಂದು ಖಾಲಿ ದೋಸೆ ಹೇಳಿ, ಹತ್ತಕ್ಕೆ ಹೊರಡುವ ಟೂರ್‌ಗಳ ಕಥೆ ನನಗೆ ಗೊತ್ತು.

ಇನ್ನು ಲೆಕ್ಕಕ್ಕೆ ಬರೋಣ. ಸಿಸಿ ಅಂದರೆ ಸಿಲಿಂಡರ್‌ನ ಅಳತೆ, ಅಷ್ಟೇ. ಕ್ಲಾಸಿಕ್ 350ಯಲ್ಲಿ 349 ಸಿಸಿಗೆ 20.2 ಕುದುರೆಶಕ್ತಿ. ಎಕ್ಸ್‌ಪಲ್ಸ್ 4ವಿಯಲ್ಲಿ 200 ಸಿಸಿಗೇ ಸುಮಾರು 19. ಇಂಜಿನ್ ಹೆಚ್ಚುಕಮ್ಮಿ ಅರ್ಧ, ಶಕ್ತಿ ಮಾತ್ರ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಎಲ್ಲಿದೆ ಅಂದರೆ ಎಳೆತದಲ್ಲಿ. ಟಾರ್ಕ್ ಅಂತಾರಲ್ಲ, ಅದು. ಕ್ಲಾಸಿಕ್ ತನ್ನ 27 ನ್ಯೂಟನ್ ಮೀಟರ್ ಎಳೆತವನ್ನು ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ ಕೊಡುತ್ತದೆ. ಎಕ್ಸ್‌ಪಲ್ಸ್‌ನ 17 ಚಿಲ್ಲರೆ ಸಿಗಬೇಕಾದರೆ 6,500ರ ತನಕ ತಿರುಗಿಸಬೇಕು. ಅದಕ್ಕೇ ಬುಲೆಟ್‌ನವರು ಘಾಟಿಯಲ್ಲಿ ಗೇರ್ ಬದಲಿಸದೆ ಡುಗುಡುಗು ಅಂತ ಹೋಗುತ್ತಾರೆ. ಬೇರೆಯವರು ಒಂದು ಗೇರ್ ಇಳಿಸಿ ಅದೇ ವೇಗದಲ್ಲಿ ಹಿಂದೆ ಬರುತ್ತಾರೆ. ಗೇರ್ ಇಳಿಸುವುದು ಸೋಲಲ್ಲ. ಗೇರ್ ಇರುವುದೇ ಅದಕ್ಕೆ.

ಆದರೆ ರಸ್ತೆಯಲ್ಲಿ ಓಡುವುದು ಬರೀ ಗಾಡಿಯಲ್ಲ, ಗಾಡಿ, ಜನ, ಬ್ಯಾಗ್ ಎಲ್ಲ ಸೇರಿದ ತೂಕ. ಒಬ್ಬೊಬ್ಬರಿಗೆ 75 ಕಿಲೋ, ಒಂದು ಗಾಡಿಗೆ 10 ಕಿಲೋ ಬ್ಯಾಗ್ ಅಂತ ಇಟ್ಟುಕೊಳ್ಳಿ. ನಿಮ್ಮ ಪಲ್ಸರ್ ಸುಮಾರು 145 ಕಿಲೋ, 14 ಕುದುರೆಶಕ್ತಿ. ನೀವು, ತಮ್ಮ, ಬ್ಯಾಗ್ ಸೇರಿ 305 ಕಿಲೋ. ಅಂದರೆ ನೂರು ಕಿಲೋಗೆ 4.6 ಕುದುರೆಶಕ್ತಿ. ಕ್ಲಾಸಿಕ್‌ನವನು ಒಬ್ಬನೇ ಕೂತರೆ 195 ಕಿಲೋ ಗಾಡಿ ಸೇರಿ 280. ನೂರು ಕಿಲೋಗೆ 7.2. ಈ ಅಂತರ ದೊಡ್ಡದೇ. ನಿಮ್ಮ ಗೆಳೆಯರಿಗೆ ಕಾಣುತ್ತಿರುವುದು ಇದೇ, ಅವರು ಪೂರ್ತಿ ಸುಳ್ಳು ಹೇಳುತ್ತಿಲ್ಲ.

ಈಗ ತಮ್ಮನನ್ನು ಎಬ್ಬಿಸಿ ಕ್ಲಾಸಿಕ್ ಹಿಂದೆ ಕೂರಿಸಿ. ನಿಮ್ಮದು 230 ಕಿಲೋ ಆಯಿತು, ನೂರು ಕಿಲೋಗೆ 6.1. ಕ್ಲಾಸಿಕ್ 355 ಕಿಲೋ ಆಯಿತು, ನೂರಕ್ಕೆ 5.7. ಒಂದು ರೂಪಾಯಿ ಖರ್ಚಿಲ್ಲದೆ ಎರಡು ಗಾಡಿಗಳೂ ಒಂದೇ ಸಾಲಿಗೆ ಬಂದವು. ಎಕ್ಸ್‌ಪಲ್ಸ್‌ದು ಇದೇ ಲೆಕ್ಕದಲ್ಲಿ 7.8, ಅದೂ ತೀರಾ ದೂರವಿಲ್ಲ. ಡ್ಯೂಕ್‌ದು ನೋಡಿ: 43 ಕುದುರೆಶಕ್ತಿ, ಜನ–ಬ್ಯಾಗ್ ಸೇರಿ 255 ಕಿಲೋ ಸುಮಾರು. ನೂರಕ್ಕೆ 17 ಹತ್ತಿರ! ನಾಲ್ಕು ಜನರಲ್ಲಿ ಹೊಂದದ ಗಾಡಿ ಯಾವುದು ಅಂತ ಈಗ ಹೇಳಿ. ನಿಧಾನ ಹೋಗುವುದನ್ನು ಕಲಿಯಬೇಕಾದವನು ಡ್ಯೂಕ್‌ನವನು. ಇದನ್ನು ಅವನಿಗೆ ಓದಿ ಹೇಳಿ, ನನ್ನ ಹೆಸರಲ್ಲೇ ಹೇಳಿ.

ತಮ್ಮ ಕ್ಲಾಸಿಕ್ ಹಿಂದೆಯೇ ಯಾಕೆ ಅಂದರೆ, ಈ ನಾಲ್ಕರಲ್ಲಿ ಹಿಂದೆ ಕೂರಲು ಲಾಯಕ್ಕಾದ ಸೀಟು ಅದರದ್ದೇ. ಡ್ಯೂಕ್‌ನ ಹಿಂದಿನ ಸೀಟು ನೂರು ಕಿಲೋಮೀಟರ್‌ಗೆ ಕಣ್ಣಲ್ಲಿ ನೀರು ತರಿಸುತ್ತದೆ. ಎಕ್ಸ್‌ಪಲ್ಸ್ ಎತ್ತರದ ಗಾಡಿ, ಓಡಿಸುವವನ ಕಾಲು ನೆಲಕ್ಕೆ ಪೂರ್ತಿ ತಾಗದಿದ್ದರೆ ಹಿಂದೆ ಜನ ಕೂರಿಸಿಕೊಂಡು ಇಳಿಜಾರಿನಲ್ಲಿ ನಿಲ್ಲಿಸುವುದೇ ಕಷ್ಟ. ಅದರ ಹಿಂದಿನ ಚಿಕ್ಕ ಕ್ಯಾರಿಯರ್ ಮೇಲೆ ಬ್ಯಾಗ್ ಕಟ್ಟಿ. ಸೈಡ್ ಬ್ಯಾಗ್ ಬೇಡ, ಅದರ ಸೈಲೆನ್ಸರ್ ಮೇಲೆತ್ತಿದೆ, ತಾಗಿದರೆ ಬ್ಯಾಗಿನ ಜೊತೆ ಒಳಗಿನ ಪ್ಯಾಂಟೂ ಕರಗುತ್ತದೆ. ಆಗುಂಬೆ ಇಳಿಯುವಾಗ ಮಾತ್ರ ಕ್ಲಾಸಿಕ್‌ನವನಿಗೆ ಹೇಳಿ: ಡಬಲ್ಸ್ ಭಾರ ಈಗ ಅವನದು, ಸೆಕೆಂಡ್ ಗೇರ್ ಮಾತು ಅವನಿಗೂ ಅನ್ವಯ.

‘ನಿನ್ನಿಂದ ನಿಧಾನ’ ಅನ್ನುವುದಕ್ಕೂ ಒಂದು ಲೆಕ್ಕ. ಉಡುಪಿಯಿಂದ ಹೊನ್ನಾವರ ಸುಮಾರು 130 ಕಿಲೋಮೀಟರ್. ಅರವತ್ತಾರನೇ ನಂಬರಿನ ಹೆದ್ದಾರಿ, ದೊಡ್ಡ ಗಾಡಿಗಳಿಗೆ ಕೈ ತುರಿಸುವುದು ಇಲ್ಲೇ. 70ರಲ್ಲಿ ಹೋದರೆ 111 ನಿಮಿಷ. 85ರಲ್ಲಿ ಹೋದರೆ 92. ಉಳಿದದ್ದು ಹತ್ತೊಂಬತ್ತು ನಿಮಿಷ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಅಂತ ನಿಂತು ಗೋಳಿಬಜೆ ತಿನ್ನುವಷ್ಟು ಹೊತ್ತೂ ಅಲ್ಲ. ಅಷ್ಟಕ್ಕೂ ಇಂಥ ಹೆದ್ದಾರಿಯಲ್ಲಿ ಬೈಕ್‌ಗೆ ಕೇಂದ್ರ ಸರ್ಕಾರ ಇಟ್ಟಿರುವ ಗರಿಷ್ಠ ಮಿತಿಯೇ 80. ಅಷ್ಟರೊಳಗೆ ನಾಲ್ಕೂ ಗಾಡಿ ಸಮ. ನಿಮ್ಮ ಗಾಡಿಗೆ 90 ದಾಟಿದರೆ ಕೈಕಾಲಿಗೆಲ್ಲ ನಡುಕ ಬರುತ್ತದೆ, ಅಲ್ಲಿಗೆ ಹೋಗಬೇಡಿ. 65–75 ಅದರ ಖುಷಿಯ ಜಾಗ.

ಡ್ಯೂಕ್‌ನವನು ಇಪ್ಪತ್ತು ನಿಮಿಷ ಮುಂಚೆ ಹೋಗಿಬಿಟ್ಟರೂ ಪೆಟ್ರೋಲ್ ಬಂಕ್‌ನಲ್ಲಿ ಸಿಗುತ್ತಾನೆ ಬಿಡಿ. ಅವನ ಟ್ಯಾಂಕ್ 13 ಲೀಟರ್ ಚಿಲ್ಲರೆ, ಆಡಿಸಿಕೊಂಡು ಓಡಿಸಿದರೆ ಲೀಟರಿಗೆ 25ರ ಆಸುಪಾಸು. ನಿಮ್ಮದು 15 ಲೀಟರ್, ನಲವತ್ತರ ಮೇಲೆ. ನೀವು ಒಮ್ಮೆ ತುಂಬಿಸಿದರೆ ಹೆಚ್ಚುಕಮ್ಮಿ ಇಡೀ ಟೂರ್ ಮುಗಿಯುತ್ತದೆ.

ಪಂಚರ್ ಆದರೂ ನೀವೇ ಬೇಗ ಹೊರಡುತ್ತೀರಿ. ಟ್ಯೂಬ್‌ಲೆಸ್‌ಗೆ ದಾರ ತುರುಕಿ ಗಾಳಿ ಹಾಕಿದರೆ ಹತ್ತು ನಿಮಿಷದ ಕೆಲಸ. ಕಿಟ್ ಒಂದು ಇಟ್ಟುಕೊಳ್ಳಿ, ಜೊತೆಗೆ ಗಾಳಿ ಪಂಪ್. ಎಕ್ಸ್‌ಪಲ್ಸ್‌ಗೆ ಕಡ್ಡಿ ಚಕ್ರ, ಒಳಗೆ ಟ್ಯೂಬ್. ಮುಂದಿನದು 21 ಇಂಚಿನದು. ಆ ಅಳತೆಯ ಟ್ಯೂಬ್ ಸೋಮೇಶ್ವರದ ಪಂಚರ್ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನಿಮ್ಮ ಮುಖ ನೋಡುತ್ತಾನೆ. ಎಕ್ಸ್‌ಪಲ್ಸ್‌ನವನು ಮುಂದಿನ–ಹಿಂದಿನ ಎರಡೂ ಟ್ಯೂಬ್ ಹೊತ್ತುಕೊಂಡೇ ಬರಬೇಕು. ಕ್ಲಾಸಿಕ್‌ನಲ್ಲೂ ಕಡ್ಡಿ ಚಕ್ರ ಇದ್ದರೆ ಇದೇ ಮಾತು. ಗಾಳಿಯ ಬಗ್ಗೆ ಒಂದೇ ಸಾಲು: ‘ಬಿಸಿಗೆ ಟೈರ್ ಸಿಡಿಯುತ್ತೆ, ಕಮ್ಮಿ ಗಾಳಿ ಇರಲಿ’ ಅನ್ನುವುದು ಉಲ್ಟಾ. ಗಾಳಿ ಕಮ್ಮಿಯಾದ ಟೈರೇ ಜಾಸ್ತಿ ಬಿಸಿಯಾಗುವುದು. ಗಾಡಿ ಮೇಲಿನ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟು.

ನಿಮ್ಮ ಗಾಡಿಗೆ ಮಾಡಿಸಬೇಕಾದ್ದು ಹೇಳುತ್ತೇನೆ. ಮೊದಲನೆಯದು ಚೈನ್. ಚೈನ್ ಸೆಟ್ ಬದಲಿಸಿ 20 ಸಾವಿರ ದಾಟಿದ್ದರೆ ಹೊಸದು ಹಾಕಿಸಿಬಿಡಿ. ಅಷ್ಟಾಗಿಲ್ಲ ಅಂದರೆ ಹೀಗೆ ಪರೀಕ್ಷೆ ಮಾಡಿ: ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲಿನಿಂದ ಎದ್ದು, ಕೆಳಗೆ ಅರ್ಧ ಹಲ್ಲು ಕಾಣಿಸಿದರೆ ಚೈನ್ ಸವೆದಿದೆ. ಹಲ್ಲುಗಳು ಅಲೆಯ ಹಾಗೆ ಒಂದೇ ಕಡೆಗೆ ಬಾಗಿದ್ದರೆ ನೋಡುವುದೇ ಬೇಡ. ಆಮೇಲೆ ಚಕ್ರ ನಿಧಾನ ತಿರುಗಿಸುತ್ತಾ ಚೈನ್ ಲಾಕ್ (ಚೈನಿನ ಎರಡು ತುದಿ ಸೇರಿಸುವ ಕೊಂಡಿ) ಹುಡುಕಿ. ಅದರ ಕ್ಲಿಪ್‌ನ ಬಾಯಿ ಚೈನ್ ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು.

ಈ ಕ್ಲಿಪ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ನಾವು ಐದು ಜನ ಹುಲಿಕಲ್ ಘಾಟಿ ಹತ್ತುತ್ತಿದ್ದೆವು. ಮುಂದಿದ್ದ ಗಾಡಿ ಇದ್ದಕ್ಕಿದ್ದಂತೆ ಬರೀ ಕೂಗತೊಡಗಿತು, ಚಕ್ರ ಮಾತ್ರ ತಿರುಗುತ್ತಿಲ್ಲ. ತಿರುಗಿ ನೋಡಿದರೆ ಚೈನ್ ರಸ್ತೆಯಲ್ಲಿ ಹಾವಿನ ಹಾಗೆ ಬಿದ್ದಿದೆ. ಕ್ಲಿಪ್ ಎಗರಿ ಲಾಕ್ ಕಳಚಿತ್ತು. ಹಿಂದಿನ ದಿನ ಸರ್ವಿಸ್ ಮಾಡಿದವರು ಕ್ಲಿಪ್ ಉಲ್ಟಾ ಹಾಕಿದ್ದರು. ಆ ಸರ್ವಿಸ್ ಮಾಡಿದ್ದು ನನ್ನ ಅಂಗಡಿಯಲ್ಲೇ, ನನ್ನ ಹುಡುಗನೇ. ಮೆಕ್ಯಾನಿಕ್ ಆದ ನಾನೇ ಜೊತೆಗಿದ್ದೆ, ಕೈಯಲ್ಲಿ ಸ್ಪ್ಯಾನರ್ ಸೆಟ್ ಇತ್ತು, 20 ರೂಪಾಯಿಯ ಲಾಕ್ ಇರಲಿಲ್ಲ. ಒಬ್ಬ ಹೋಗಿ ತರುವ ತನಕ ಮಧ್ಯಾಹ್ನದವರೆಗೆ ಕಟ್ಟೆ ಮೇಲೆ ಕೂತು ಮಂಗಗಳಿಗೆ ನಮ್ಮ ಚಿತ್ರಾನ್ನ ಒಪ್ಪಿಸಿದೆವು. ಅವತ್ತಿಂದ ನನ್ನ ಜಾಕೆಟ್ ಜೇಬಿನಲ್ಲಿ ಒಂದು ಲಾಕ್ ಇದ್ದೇ ಇರುತ್ತದೆ. ನಿಮ್ಮ ಚೈನ್ ಅಳತೆಯದ್ದೇ ಒಂದು ತಗೊಳ್ಳಿ.

ಉಳಿದದ್ದು: ಹಿಂದಿನ ಬ್ರೇಕ್ ಶೂ, ಮುಂದಿನ ಪ್ಯಾಡ್, ಬ್ರೇಕ್ ಆಯಿಲ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಪ್ಲಗ್ ಎರಡೂ (ನಿಮ್ಮ ಇಂಜಿನ್‌ನಲ್ಲಿ ಎರಡು ಪ್ಲಗ್, ಒಂದನ್ನೇ ಬದಲಿಸಿ ಕಳಿಸುವವರಿದ್ದಾರೆ), ಏರ್ ಫಿಲ್ಟರ್, ಇಂಜಿನ್ ಆಯಿಲ್. ಚೈನ್ ಸೆಟ್ ಸೇರಿ ನನ್ನಲ್ಲಾದರೆ ನಾಲ್ಕೈದು ಸಾವಿರ ಆಗುತ್ತದೆ. ಹೊರಡುವ ಹಿಂದಿನ ದಿನ ಮಾಡಿಸಬೇಡಿ, ಎರಡು ವಾರ ಮುಂಚೆ ಮಾಡಿಸಿ. ಸರ್ವಿಸ್‌ನಲ್ಲಿ ಆದ ತಪ್ಪುಗಳು ಮೊದಲ ನೂರಿನ್ನೂರು ಕಿಲೋಮೀಟರಲ್ಲೇ ಹೊರಗೆ ಬರುತ್ತವೆ.

ಇದೆಲ್ಲ ಇಂಜಿನ್ ಒಳಗೆ ಚೆನ್ನಾಗಿದ್ದರೆ ಮಾತ್ರ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ (ಕ್ಲಚ್ ಪ್ಲೇಟ್ ಮುಗಿದಿದೆ ಅಂತ ಅರ್ಥ), ತಳದಿಂದ ಕಟಕಟ ಶಬ್ದ ಇದ್ದರೆ ಈ ಗಾಡಿ ಬೇಡ. ರಿಪೇರಿ ಆಗುವವರೆಗೆ ಊರೊಳಗೇ ಇರಲಿ.

ಸೆಕೆಂಡ್ ಹ್ಯಾಂಡ್ 350 ಬಗ್ಗೆ ನನ್ನ ಅಭಿಪ್ರಾಯ ನೇರ: ಈ ಟೂರ್‌ಗೋಸ್ಕರ ಬೇಡ. ನಿಮಗೆ 350 ಇಷ್ಟ, ಮುಂದೆಯೂ ಓಡಿಸುತ್ತೀರಿ, ಕಂತು ಕಟ್ಟಲು ಕಷ್ಟವಿಲ್ಲ ಅಂದರೆ ಅದು ಬೇರೆ ಮಾತು. ಆಗಲೂ ಟೂರ್ ಮುಗಿಸಿಕೊಂಡು ಬಂದು ತಗೊಳ್ಳಿ. ಗುರುತಿಲ್ಲದ ಹಳೇ ಗಾಡಿಯಲ್ಲಿ ಘಾಟಿಗೆ ಹೋಗುವುದಕ್ಕಿಂತ ಗುರುತಿರುವ ಹಳೇ ಗಾಡಿಯಲ್ಲಿ ಹೋಗುವುದು ವಾಸಿ. ನಿಮ್ಮ ಪಲ್ಸರ್‌ನ ಕೆಮ್ಮು ನಿಮಗೆ ಗೊತ್ತು. ತಗೊಳ್ಳುವುದೇ ಆದರೆ ಯಾವ ವರ್ಷದ್ದು ಅಂತ ಕೇಳಿ. 2021ರಲ್ಲಿ ಕ್ಲಾಸಿಕ್‌ನ ಇಂಜಿನ್ನೇ ಬದಲಾಯಿತು. ಅದಕ್ಕೆ ಮುಂಚಿನದರಲ್ಲಿ ನಡುಕ ಜಾಸ್ತಿ. ಗೆಳೆಯನ 2022ರ ಗಾಡಿ ಓಡಿಸಿ ಖುಷಿಪಟ್ಟು 2016ರದ್ದು ತಗೊಂಡು ಬಂದು ‘ಅಣ್ಣಾ, ಇದು ಯಾಕೆ ಹಂಗಿಲ್ಲ’ ಅಂತ ಕೇಳಿದವರು ನನ್ನಲ್ಲಿ ಇದ್ದಾರೆ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯಾ ನೋಡಿ. ಇನ್ಶೂರೆನ್ಸ್ ವರ್ಗಾವಣೆಗೆ ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ.

ಬಾಡಿಗೆ ಗಾಡಿ ತಪ್ಪಲ್ಲ. ಆದರೆ ನಂಬರ್ ಪ್ಲೇಟ್ ನೋಡಿ ತಗೊಳ್ಳಿ. ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರು ಅಂತ ಬಿಳಿ ಪ್ಲೇಟಿನ ಸ್ವಂತ ಗಾಡಿ ಬಾಡಿಗೆಗೆ ಕೊಟ್ಟರೆ, ಏನಾದರೂ ಆದಾಗ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳಬಹುದು. ತಗೊಳ್ಳುವ ಮುಂಚೆ ಗೀರುಗಳ ವಿಡಿಯೊ ಮಾಡಿಕೊಳ್ಳಿ. ಮತ್ತೆ, ಬಾಡಿಗೆ ಗಾಡಿಯ ಚೈನ್ ಯಾರು ನೋಡಿದ್ದಾರೆ?

ಗಾಡಿ ಬದಲಾಯಿಸಿಕೊಂಡು ಓಡಿಸಿ ನೋಡುವ ಆಸೆ ನಿಮ್ಮಲ್ಲಿ ಎಲ್ಲರಿಗೂ ಇದ್ದೇ ಇರುತ್ತದೆ. ನೋಡಿ, ಬೇಡ ಅನ್ನಲ್ಲ. ಟೂರ್‌ನ ಅರ್ಧ ಮಜಾ ಅದೇ. ಹೊನ್ನಾಳಿ ದಾರಿಯಲ್ಲಿ ಬದಲಾಯಿಸಿಕೊಳ್ಳಿ, ಶಿವಮೊಗ್ಗದಲ್ಲಿ ವಾಪಸ್ ತಗೊಳ್ಳಿ. ಘಾಟಿಯಲ್ಲಿ ಮಾತ್ರ ಅವರವರ ಗಾಡಿ ಅವರವರ ಕೈಯಲ್ಲಿ. ನಿಮ್ಮ ಮುಂದಿನ ಬ್ರೇಕ್ ಹಿಡಿದು ರೂಢಿಯಾದ ಬೆರಳು ಡ್ಯೂಕ್‌ನ ಬ್ರೇಕನ್ನು ಅಷ್ಟೇ ಜೋರಾಗಿ ಹಿಡಿದರೆ ಗಾಡಿ ಮೂಗು ಮುಗ್ಗರಿಸುತ್ತದೆ. ಅವನು ನಿಮ್ಮ ಗಾಡಿ ಹತ್ತಿದರೆ ಇನ್ನೂ ಅಪಾಯ. 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ನಿಮ್ಮ 2018ರ ಗಾಡಿಯಲ್ಲಿ ಅದು ಇರಲಾರದು. ಎಬಿಎಸ್ ನಂಬಿ ರೂಢಿಯಾದವನು ಮರಳಿನ ಮೇಲೆ ನಿಮ್ಮ ಬ್ರೇಕ್ ಬಿಗಿಯಾಗಿ ಹಿಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಇನ್ನೊಂದು, ಇನ್ಶೂರೆನ್ಸ್ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಗಾಡಿ ಮಾಲೀಕನಿಗೆ ಮಾತ್ರ. ಗೆಳೆಯನ ಗಾಡಿ ಓಡಿಸುವಾಗ ಅದು ನಿಮ್ಮನ್ನು ಕಾಯುವುದಿಲ್ಲ.

ಹೋಲಿಸಿ ನೋಡುವಾಗ ಪಿಕಪ್ ನೋಡಬೇಡಿ, ಅದು ಮೊದಲ ಐದು ನಿಮಿಷದ ಖುಷಿ. ಒಂದು ಗಂಟೆ ಓಡಿಸಿ ಇಳಿದ ಮೇಲೆ ಅಂಗೈ ಜುಮುಜುಮು ಅಂತಿದೆಯಾ, ಬೆನ್ನಿನ ಕೆಳಗೆ ಎಲ್ಲಿ ನೋವಿದೆ, ಊರೊಳಗೆ ತೊಡೆಗೆ ಬಿಸಿ ಹೊಡೆಯಿತಾ, ಬ್ಯಾಗ್ ಕಟ್ಟಿದ ಗಾಡಿಯನ್ನು ಚಿಕ್ಕ ರಸ್ತೆಯಲ್ಲಿ ಒಂದೇ ಸಲಕ್ಕೆ ತಿರುಗಿಸಲು ಆಯಿತಾ, ಇಷ್ಟು ನೋಡಿ. ಮುಂದೆ ಯಾವ ಗಾಡಿ ತಗೊಳ್ಳಬೇಕು ಅನ್ನುವುದಕ್ಕೆ ಈ ಮೂರು ದಿನಕ್ಕಿಂತ ಒಳ್ಳೆಯ ಟೆಸ್ಟ್ ರೈಡ್ ಯಾವ ಶೋರೂಮಿನಲ್ಲೂ ಸಿಗಲ್ಲ.

ಸಾಲಿನಲ್ಲಿ ನೀವು ಎರಡನೆಯವರಾಗಿ ಹೋಗಿ. ನಿಧಾನದ ಗಾಡಿ ಕೊನೆಯಲ್ಲಿದ್ದರೆ ಅದು ಸದಾ ಬೆನ್ನಟ್ಟುತ್ತಿರುತ್ತದೆ. ತಿರುವಿನಲ್ಲಿ ಕಳೆದುಹೋದ ಗೆಳೆಯರನ್ನು ಹಿಡಿಯಲು ಹೋಗಿಯೇ ಎಷ್ಟೋ ಜನ ಬೀಳುತ್ತಾರೆ. ಮುಂದೆ ಎಕ್ಸ್‌ಪಲ್ಸ್, ಹಿಂದೆ ನೀವು, ಆಮೇಲೆ ಕ್ಲಾಸಿಕ್, ಕೊನೆಗೆ ಡ್ಯೂಕ್. ಅವನಿಗೆ ಹಿಂದೆ ಬಿದ್ದರೂ ಹಿಡಿಯುವ ಶಕ್ತಿ ಇದೆ. ತಿರುಗುವ ಪ್ರತಿ ಜಂಕ್ಷನ್‌ನಲ್ಲಿ ಹಿಂದಿನವನು ಕಾಣುವವರೆಗೆ ನಿಲ್ಲಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ.

ಕೊನೆಯದಾಗಿ ಒಂದು ಕೆಲಸ. ಸರ್ವಿಸ್ ಆದ ಮೇಲಿನ ಭಾನುವಾರ ತಮ್ಮನನ್ನು ಹಿಂದೆ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋಗಿ ಬನ್ನಿ. ಹೋಗುವಾಗ ನಡುವೆ ನಿಲ್ಲಿಸಬೇಡಿ, 65ರಲ್ಲಿ ಒಂದೇ ಸಮ. ಕೋಟೆ ಹತ್ತಿ ಇಳಿದು ಬರುವಷ್ಟರಲ್ಲಿ ಇಂಜಿನ್ ಆರಿರುತ್ತದೆ. ಆಗ ಆಯಿಲ್ ಮಟ್ಟ ನೋಡಿ, ಚೈನ್ ಬೆರಳಲ್ಲಿ ಎತ್ತಿ ನೋಡಿ. ಊರಿಗೆ ಬಂದು ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಮಟ್ಟ ಇದ್ದಲ್ಲೇ ಇದ್ದರೆ ಹೊರಡಿ. ಇಳಿದಿದ್ದರೆ ಎಷ್ಟು ಇಳಿಯಿತು ಅಂತ ಬರೆಯಿರಿ, ಡಿಸೆಂಬರ್‌ಗೆ ಇನ್ನೂ ಟೈಮ್ ಇದೆ.